ಹಿಟ್ಟಿನ ಮಾತ್ರೆಯ ಸರದಿ

ಮಾತ್ರೆಗಳು ಮರದ ಬೋಗುಣಿಯಲ್ಲಿದ್ದವು. ಬೋಗುಣಿಯ ಈಚೆಗೆ ಕೆನೆ, ಆಚೆಗೆ ಹಣ್ಣಿನ ಜಾಮು, ಸುತ್ತಲೂ ಆಗಷ್ಟೇ ಕರಿದ ಹಿಟ್ಟಿನ ತುಣುಕು, ಬೋರ್ಸೋಕ್‌ಗಳ ರಾಶಿ. ಬೆಳಗಿನ ಚಹಾಕ್ಕೆ ಸೇರಿದ್ದವರು ಒಬ್ಬೊಬ್ಬರಾಗಿ ಕೈ ಚಾಚಿ ಒಂದೊಂದು ಬಿಳಿ ಮಾತ್ರೆ ಎತ್ತಿ ಬಾಯಿಗೆ ಹಾಕಿಕೊಂಡು, ಮೇಲೊಂದು ಗುಟುಕು ಚಹಾ ಕುಡಿದು, ಮಾತು ಮುಂದುವರಿಸುತ್ತಿದ್ದರು. ನಾನು ಗುಡಾರದ ಬಾಗಿಲಲ್ಲೇ ಕಲ್ಲಾಗಿ ನಿಂತೆ.

"ಹೊಸ್ಲು ಮೇಲ್ ನಿಂತ್ಕಬ್ಯಾಡ ಕಣವ್ವಾ ಜೂರಾ, ಒಳಿಕ್ ಬಾ," ಎಂದರು ಸಾಲ್ಕಿನ್ ಅಜ್ಜಿ. "ರೊಟ್ಟಿ ಮುರಿ. ನಿಂಗೂ ಒಂದ್ ಮಾತ್ರೆ ಕೊಡ್ಲಾ? ಬೇಕಾದಷ್ಟವೆ."

"ಅಜ್ಜಿ, ಡಬ್ಬಿಗಳೆಲ್ಲಿ?"

"ಯಾವ ಡಬ್ಬಿ?"

"ಒಬ್ಬೊಬ್ರಿಗೂ ಬೇರೆ ಬೇರೆ ಕೊಟ್ಟಿದ್ವಲ್ಲ, ನಂಬರ್ ಹಾಕಿ! ನಿಮ್ ಡಬ್ಬಿ ನೀವೇ, ಅವ್ರ್ ಡಬ್ಬಿ ಅವ್ರೇ ಅಂತ ಹೇಳಿ!"

"ಓ, ಅವಾ? ಒಂದ್ರಾಗೆ ಅಸಿಲ್ ಗುಂಡಿ ಇಟ್ಕೊಂಡವ್ಳೆ, ಒಂದ್ರಾಗೆ ಉಪ್ಪು. ಒಳ್ಳೇ ಡಬ್ಬಿಗಳು ಕಣವ್ವಾ, ಮುಚ್ಚಳ ಗಟ್ಟಿ," ಎಂದು ಅಜ್ಜಿ ತುಂಬ ಮೆಚ್ಚುಗೆಯಿಂದ ಹೇಳಿದರು. ಅಸಿಲ್ ಅವರ ಸೊಸೆ. ಪಾಪ, ಅವಳು ನನ್ನ ಮುಖ ನೋಡಿಯೇ ಚಹಾದ ಕೆಟಲ್ಲು ಕೆಳಗಿಟ್ಟಳು.

ನಾನು ರಾಜಧಾನಿ ಬಿಷ್ಕೆಕ್‌ನಲ್ಲಿ ಗಣಿತ ಕಲಿಸುವವಳು. ಕಲಿಸದ ದಿನಗಳಲ್ಲಿ ಡಾಕ್ಟರುಗಳ ಪ್ರಯೋಗಗಳಿಗೆ ಲೆಕ್ಕ ಹಾಕಿಕೊಡುತ್ತೇನೆ. ಯಾರಿಗೆ ಯಾವ ಔಷಧಿ ಹೋಗಬೇಕೆಂದು ಚೀಟಿ ಎತ್ತುವುದು, ಕೊನೆಯಲ್ಲಿ ಬಂದ ಅಂಕಿಗಳನ್ನು ಜರಡಿ ಹಿಡಿದು ನಿಜ ಯಾವುದು ಆಸೆ ಯಾವುದು ಎಂದು ಬೇರೆ ಮಾಡುವುದು, ಇಷ್ಟೇ ನನ್ನ ಕೆಲಸ. ನನಗೆ ಮುಂಗೋಪ ಎಂದು ಎಲ್ಲರೂ ಹೇಳುತ್ತಾರೆ. ಮಾತ್ರೆಗಳನ್ನು ಬೋಗುಣಿಯಲ್ಲಿ ಕಲಸಿ ತಿನ್ನುವವರ ನಡುವೆ ಬದುಕಿದರೆ ಯಾರಿಗೆ ಬರುವುದಿಲ್ಲ?

ಈ ಮಾತ್ರೆ ಡಾಕ್ಟರ್ ಚೊಲ್ಪೊನ್‌ಳ ನಾಲ್ಕು ವರ್ಷದ ತಪಸ್ಸು. ಬೇಸಿಗೆ ಬಂದಾಗ ನಮ್ಮ ಜನ ಕುದುರೆ, ಕುರಿ, ಗುಡಾರ ಎಲ್ಲ ಕಟ್ಟಿಕೊಂಡು ಎತ್ತರದ ಹುಲ್ಲುಗಾವಲಿಗೆ ಹತ್ತುತ್ತಾರೆ. ಹಗಲೆಲ್ಲ ಸುಖ. ಮಲಗಿದ ಮೇಲೆ ವಯಸ್ಸಾದ ಕೆಲವರಿಗೆ ಆ ಎತ್ತರ ಎದೆಯ ಮೇಲೆ ಬಂದು ಕೂರುತ್ತದೆ. ಉಸಿರು ಸಿಕ್ಕಿಹಾಕಿಕೊಂಡು ಬೆಚ್ಚಿ ಏಳುವುದು, ಮತ್ತೆ ಮಲಗುವುದು, ಮತ್ತೆ ಬೆಚ್ಚಿ ಏಳುವುದು. ಅದಕ್ಕೊಂದು ಮಾತ್ರೆ ಬೇಕೆಂದು ಚೊಲ್ಪೊನ್ ಹಟ ಹಿಡಿದಳು. ರಸಾಯನಶಾಸ್ತ್ರದ ಸಾಗಿನ್ ಒಂದು ಬೆಟ್ಟದ ಬೇರಿನಿಂದ ಸಾರ ತೆಗೆದು ಮಾತ್ರೆ ಕಟ್ಟಿದ. ಆದರೆ ಮಾತ್ರೆಯಿಂದಲೇ ನಿದ್ದೆ ಬಂತೋ, ಡಾಕ್ಟರಮ್ಮನ ಸಿಹಿ ಮಾತಿನಿಂದ ಬಂತೋ ಎಂದು ತಿಳಿಯಬೇಕಲ್ಲ? ಅದಕ್ಕೆ ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ ಹಿಟ್ಟಿನ ಮಾತ್ರೆ. ಯಾರದ್ದು ಯಾವುದೆಂದು ತಿನ್ನುವವರಿಗೂ ಗೊತ್ತಿರಬಾರದು, ಕೊಡುವವರಿಗೂ ಗೊತ್ತಿರಬಾರದು. ಇದನ್ನೆಲ್ಲ ಜನಕ್ಕೆ ಮುಚ್ಚುಮರೆ ಇಲ್ಲದೆ ಹೇಳಿ, ಒಪ್ಪಿಗೆ ಪಡೆದೇ ಶುರು ಮಾಡಬೇಕು. ಚೊಲ್ಪೊನ್ ಹೇಳಿದಳು. ಬಿಡಿಸಿ ಬಿಡಿಸಿ ಹೇಳಿದಳು. ಅಲ್ಲೇ ಎಡವಟ್ಟಾಗಿದ್ದು.

"ಅರ್ಧ ಜನಕ್ಕೆ ಹಿಟ್ಟು ಅಂದ್ರಿ," ಎಂದರು ಸಾಲ್ಕಿನ್ ಅಜ್ಜಿ. "ನಾನ್ ಔಷಧಿ ತಿಂದು, ಪಕ್ಕದ್ ಗುಡಾರದವ್ಳು ಹಿಟ್ ತಿನ್ನಾದಾ? ಬೆಳಗೆದ್ದು ಅವಳ್ ಮಕ ಹೆಂಗ್ ನೋಡ್ಲಿ? ನೀವ್ ಪಟ್ಣದವ್ರು, ನಿಮಗ್ ಗೊತ್ತಾಗ್ಲಿಲ್ಲ, ಹೋಗ್ಲಿ ಬಿಡಿ. ನಾವೇ ಸರಿ ಮಾಡ್ಕೊಂಡ್ವಿ."

ಸರಿ ಮಾಡಿಕೊಂಡಿದ್ದು ಹೇಗೆಂದರೆ, ನಮ್ಮ ಜೀಪು ಗುಡ್ಡ ಇಳಿದ ಸಂಜೆಯೇ ಇಡೀ ಚೋಂಗ್-ತೊರ್ ಕಣಿವೆಯ ಗುಡಾರಗಳವರು ಸೇರಿ, ಎಲ್ಲ ಡಬ್ಬಿಗಳನ್ನೂ ಬೋಗುಣಿಗೆ ಸುರಿದು, ಅಜ್ಜಿ ತಮ್ಮ ಕೈಯಾರೆ ಕಲಸಿ, ಎಲ್ಲರೂ ಅಂಗೈ ಎತ್ತಿ ಹರಸಿ, ಮುಖ ಸವರಿಕೊಂಡು, ಮಾಂಸದ ಪಾಲು ಹಾಕುವ ಹಾಗೆ ಮನೆಮನೆಗೆ ಸಮನಾಗಿ ಹಂಚಿದ್ದರು. ಯಾರಿಗೂ ಬರೀ ಹಿಟ್ಟಿಲ್ಲ, ಯಾರಿಗೂ ಬರೀ ಔಷಧಿಯಿಲ್ಲ. ಒಬ್ಬರೂ ಮೋಸ ಮಾಡಿರಲಿಲ್ಲ. ಮೋಸ ಮಾಡಿದ್ದರೆ ಬೈಯಬಹುದಿತ್ತು. ಒಳ್ಳೆಯತನಕ್ಕೆ ಏನೆಂದು ಬೈಯುವುದು?

ನಾನು ಹೊರಗೆ ಬಂದು ಹುಲ್ಲಿನ ಮೇಲೆ ಕೂತೆ. ಅಸಿಲ್ ಹಿಂದೆಯೇ ಬಂದಳು.

"ಅಕ್ಕಾ, ಅತ್ತೆ ಮ್ಯಾಲೆ ಸಿಟ್ ಮಾಡ್ಕಬ್ಯಾಡಿ. ಅವ್ರಿಗೂ ಈ ಮಾತ್ರೆ ಭಾಳ ಬೇಕಾಗಿತ್ತು. ಹೋದ್ ಬ್ಯಾಸ್ಗೇಲಿ ಒಂದ್ ರಾತ್ರೀನೂ ಸರಿಯಾಗ್ ಮಲಗ್ಲಿಲ್ಲ. ಮುಂದಕ್ಕೂ ಹಿಂಗೇ ಆದ್ರೆ ಮ್ಯಾಕ್ ಕರ್ಕೊಂಡ್ ಬರಾದಿಲ್ಲ ಅಂತ ನಮ್ಮನೆಯವ್ರು ಹೇಳವ್ರೆ."

"ಕೆಳಗೇ ಬಿಟ್ ಬರ್ತಾರಾ?"

"ಹೂಂ. ಅತ್ತೆ ಹುಟ್ಟಿದ್ದೇ ಈ ಹುಲ್ನಾಗೆ. ಒಂದ್ ಬ್ಯಾಸ್ಗೇನೂ ಕೆಳಗ್ ಕಳೆದವ್ರಲ್ಲ. ಬಾಯ್ಬಿಟ್ಟು ಏನೂ ಅನ್ನಾದಿಲ್ಲ. ಆದ್ರೂ ನಂಗ್ ಗೊತ್ತಾಗ್ತದೆ."

ಹಾಗಾದರೆ ಆ ಬೋಗುಣಿಯಲ್ಲಿ ಅಜ್ಜಿ ಹಂಚಿದ್ದು ಅವರ ಮುಂದಿನ ಬೇಸಿಗೆಗಳನ್ನು. ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಸಾಗಿನ್‌ನ ಮೇಲೆ ತೀರಿಸಿಕೊಳ್ಳೋಣವೆಂದು ಎದ್ದೆ.

ಅವನೂ ಚೊಲ್ಪೊನ್‌ಳೂ ಹೊಳೆಯ ಹತ್ತಿರ ನಮ್ಮ ಡೇರೆಯಲ್ಲಿದ್ದರು. ವಿಷಯ ಕೇಳಿ ಚೊಲ್ಪೊನ್ ಮೊದಲು ಬಿಳಿಚಿಕೊಂಡಳು, ಆಮೇಲೆ ಬೋಗುಣಿ ಅಂದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅದು ನಗುವಿನ ನೀರೋ ಅಳುವಿನ ನೀರೋ ನಾನು ಕೇಳಲಿಲ್ಲ. ಶರತ್ಕಾಲಕ್ಕೆ ಏನಾದರೂ ವರದಿ ಕೊಡದಿದ್ದರೆ ಈ ಕೆಲಸ ಮುಚ್ಚಿ ಪಟ್ಟಣದ ಆಸ್ಪತ್ರೆಯಲ್ಲಿ ನೆಗಡಿ ಜ್ವರ ನೋಡಿಕೊಂಡು ಕೂರಬೇಕೆಂದು ಮೇಲಿನವರು ಅವಳಿಗೆ ಹೇಳಿಯಾಗಿತ್ತು.

"ಸಾಗಿನ್, ನೀನೇ ಮಾಡಿದ ಮಾತ್ರೆ ಅಲ್ವಾ? ಯಾವುದು ಯಾವುದು ಅಂತ ಬೇರೆ ಮಾಡು," ಎಂದೆ.

ಸಾಗಿನ್ ಎರಡು ಮಾತ್ರೆಗಳನ್ನು ಬಿಸಿಲಿಗೆ ಹಿಡಿದ. ಮೂಸಿದ. ಒಂದೊಂದಾಗಿ ನೆಕ್ಕಿದ. "ಆಗಲ್ಲ ಅಕ್ಕ."

"ಯಾಕಾಗಲ್ಲ?"

"ಒಂದೇ ಬಣ್ಣ, ಒಂದೇ ತೂಕ. ಹಿಟ್ಟಿಗೂ ಅಷ್ಟೇ ಕಹಿ ಬರ್ಲಿ ಅಂತ ಒಂದ್ ಚಳಿಗಾಲ ಪೂರ್ತಿ ಒದ್ದಾಡಿದೀನಿ. ಲ್ಯಾಬಿನಲ್ಲಿ ಪುಡಿ ಮಾಡಿ ನೋಡಿದ್ರೆ ಗೊತ್ತಾಗತ್ತೆ. ಪುಡಿ ಮಾಡಿದ್ಮೇಲೆ ತಿನ್ನೋಕೇನಿರತ್ತೆ?" ಎಂದು ನಾಲಿಗೆ ಒರೆಸಿಕೊಂಡ. ನಿರಾಸೆಯ ನಡುವೆಯೂ ಪುಣ್ಯಾತ್ಮನ ಮುಖದಲ್ಲಿ ಒಂದು ಚೂರು ಹೆಮ್ಮೆಯಿತ್ತು.

ಉಳಿದದ್ದೊಂದೇ. ಮರುವರ್ಷಕ್ಕೆಂದು ಮಾಡಿದ್ದ ಇನ್ನೊಂದು ಕಂತು ಮಾತ್ರೆಗಳು ಜೀಪಿನಲ್ಲಿದ್ದವು, ಔಷಧಿ ಬೇರೆ, ಹಿಟ್ಟು ಬೇರೆ, ಕೆಂಪು ದಾರ, ನೀಲಿ ದಾರ ಕಟ್ಟಿದ ಮುಟ್ಟದ ಚೀಲಗಳಲ್ಲಿ. ಹೊಸದಾಗಿ ಶುರು ಮಾಡಬಹುದು. ಆದರೆ ಮತ್ತೆ ಮನುಷ್ಯರಿಗೊಂದು ಡಬ್ಬಿ ಕೊಟ್ಟರೆ ಮತ್ತೆ ಬೋಗುಣಿಗೇ ಹೋಗುತ್ತದೆ. ಹಂಚಿಕೊಳ್ಳಬೇಡಿ ಎಂದು ಈ ಜನಕ್ಕೆ ಹೇಳುವುದೂ ಒಂದೇ, ಹೊಳೆಗೆ ಮೇಲಕ್ಕೆ ಹರಿ ಎನ್ನುವುದೂ ಒಂದೇ.

"ಹಂಚ್ಕೊಳ್ಲಿ ಬಿಡು," ಎಂದೆ. "ಇಡೀ ಕಣಿವೆಗೆ ಒಂದೇ ಥರದ್ದು ಕೊಟ್ರೆ? ಎಷ್ಟ್ ಬೇಕಾದ್ರೂ ಕಲಸ್ಲಿ. ಚೋಂಗ್-ತೊರ್‌ಗೆ ಒಂದು, ಗುಡ್ಡದ ಆಚೆ ಕಿಚಿ-ತೊರ್ ಕಣಿವೆಗೆ ಇನ್ನೊಂದು."

ಚೊಲ್ಪೊನ್ ತಲೆ ಅಲ್ಲಾಡಿಸಿದಳು. "ಒಂದಿಡೀ ಕಣಿವೆ ಹಿಟ್ ತಿನ್ನೋಕೆ ಒಪ್ಪತ್ತಾ ಜೂರಾಕ್ಕ? ಅಲ್ಲಿ ಅಜ್ಜಿಯ ತಂಗಿ ಬೇರೆ ಇದಾರೆ. ಅಕ್ಕತಂಗೀರ ಮಧ್ಯ ಬೆಂಕಿ ಹಚ್ಚಿದ ಹಾಗಾಗತ್ತೆ."

"ನನ್ ತಲೆನೋವು ನಂಗೆ," ಎಂದು ಸಾಗಿನ್ ಗೊಣಗಿದ. "ಈ ಚಳಿಗಾಲದ ಸರದಿ ಊಟ ಮೊದಲು ನಮ್ಮನೇಲೇ ಅಂತೆ. ಒಂದು ಕುರೀನೂ ನೋಡಿಟ್ಟಿಲ್ಲ."

ನಾನು ಅವನ ಬೆನ್ನಿಗೆ ಎಂಥ ಏಟು ಕೊಟ್ಟೆನೆಂದರೆ ಅವನ ಕೈಯಲ್ಲಿದ್ದ ಮಾತ್ರೆಗಳು ನೆಲಕ್ಕೆ ಬಿದ್ದವು. ಸರದಿ! ಚಳಿಗಾಲ ಬಂದರೆ ನಮ್ಮಲ್ಲಿ ಒಂದು ಮನೆಯವರು ಉಳಿದವರನ್ನೆಲ್ಲ ಕರೆದು ಉಣ್ಣಿಸುತ್ತಾರೆ, ಆಮೇಲೆ ಇನ್ನೊಂದು ಮನೆ, ಆಮೇಲೆ ಮತ್ತೊಂದು. ಮೊದಲು ಉಣ್ಣಿಸಿದವರು ನಷ್ಟವಾಯಿತೆಂದು ಅಳುವುದಿಲ್ಲ. ಈ ಬೇಸಿಗೆ ಒಂದು ಕಣಿವೆಗೆ ಔಷಧಿ, ಇನ್ನೊಂದಕ್ಕೆ ಹಿಟ್ಟು. ಮುಂದಿನ ಬೇಸಿಗೆ ಅದಲುಬದಲು. ಲೆಕ್ಕಕ್ಕೂ ಇದೇ ಚಂದ. ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸಿ ನೋಡಬಹುದು, ಹಿಟ್ಟು ತಿಂದ ಬೇಸಿಗೆಯ ಸಾಲ್ಕಿನ್ ಅಜ್ಜಿಯನ್ನು ಔಷಧಿ ತಿಂದ ಬೇಸಿಗೆಯ ಸಾಲ್ಕಿನ್ ಅಜ್ಜಿಯ ಜೊತೆ. ನನಗೆ ಎಷ್ಟು ಖುಷಿಯಾಯಿತೆಂದರೆ, ನಮ್ಮ ವಿದ್ಯಾರ್ಥಿಗಳು ನೋಡಿದ್ದರೆ ನಂಬುತ್ತಿರಲಿಲ್ಲ.

ಎರಡೂ ಕಣಿವೆಯವರು ನಡುವಿನ ಏರಿನ ಮೇಲೆ ಸೇರಿದರು. ಚೊಲ್ಪೊನ್ ಮೊದಲು ತಪ್ಪು ಯಾರದ್ದೂ ಅಲ್ಲ ಎಂದಳು, ಆಮೇಲೆ ಬೋಗುಣಿಯಿಂದ ಏನು ಹಾಳಾಯಿತೆಂದೂ ಹೇಳಿದಳು. ಸಾಲ್ಕಿನ್ ಅಜ್ಜಿ ಅದನ್ನು ಎರಡೆರಡು ಸಲ ಹೇಳಿಸಿಕೊಂಡು ಕೇಳಿದರು. ಕೇಳಿ ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸರದಿ ಅಂದಕೂಡಲೇ ಉಳಿದವರೆಲ್ಲ ತಲೆದೂಗಿದರು. ತಕರಾರು ಬಂದದ್ದು ಚೀಟಿ ಎತ್ತುವುದಕ್ಕೆ. ಕಾಗದ ಬೇಡ, ಕುರಿಯ ಗಿಣ್ಣುಮೂಳೆ ಎಸೆಯಬೇಕು, ಇದು ಅಪ್ಪಂದಿರ ಕಾಲದ ರೂಢಿ ಎಂದರು.

"ಆ ಮೂಳೆ ಸಮ ಇರಲ್ಲ. ಒಂದೇ ಕಡೆಗೆ ಜಾಸ್ತಿ ಬೀಳತ್ತೆ," ಎಂದೆ.

"ನಮ್ ಕುರಿ ಮೂಳೆ ಸುಳ್ ಹೇಳ್ತದಾ?" ಎಂದು ಅಜ್ಜಿಯ ತಂಗಿ ಬೂಬು ಸೊಂಟಕ್ಕೆ ಕೈಯಿಟ್ಟರು.

ಸುಳ್ಳು ಹೇಳುವ ಮೂಳೆಯಿಂದಲೂ ನಿಜ ಹೊರಡಿಸುವ ದಾರಿಯೊಂದು ಗಣಿತದಲ್ಲಿದೆ. ಎರಡು ಸಲ ಎಸೆಯಬೇಕು. ಮೊದಲು ಉಬ್ಬು, ಆಮೇಲೆ ತಗ್ಗು ಬಂದರೆ ಕೆಂಪು ದಾರದ ಚೀಲ ಚೋಂಗ್-ತೊರ್‌ಗೆ. ಮೊದಲು ತಗ್ಗು, ಆಮೇಲೆ ಉಬ್ಬು ಬಂದರೆ ನೀಲಿ ದಾರದ್ದು. ಎರಡೂ ಸಲ ಒಂದೇ ಬಂದರೆ ಅಥವಾ ಮಗ್ಗುಲಾಗಿ ನಿಂತರೆ ಲೆಕ್ಕಕ್ಕಿಲ್ಲ, ಮತ್ತೆ ಎಸೆಯಬೇಕು. ಮೂಳೆ ಯಾವ ಕಡೆಗೆ ವಾಲಿದರೂ ಎರಡು ಸಲವೂ ಅಷ್ಟೇ ವಾಲುತ್ತದೆ, ಹಾಗಾಗಿ ಎರಡು ಕಣಿವೆಗೂ ಸಮ ಅವಕಾಶ. ಕೆಂಪಿನಲ್ಲಿ ಔಷಧಿಯೋ ನೀಲಿಯಲ್ಲಿ ಔಷಧಿಯೋ ಎಂಬುದು ನಮ್ಮ ಮೂವರಿಗೂ ಗೊತ್ತಿರಲಿಲ್ಲ. ಚೀಲಕ್ಕೆ ತುಂಬಿ ದಾರ ಕಟ್ಟಿದವರು ಬೇರೆಯವರು, ಆ ಗುಟ್ಟು ಬಿಷ್ಕೆಕ್‌ನ ಒಂದು ಬೀರುವಿನಲ್ಲಿ ಬೀಗದೊಳಗಿತ್ತು. ಉಬ್ಬು ಉಬ್ಬು ಎಂದು ಮೂಳೆ ಮೇಲಿಂದ ಮೇಲೆ ಸತಾಯಿಸಿದಾಗ ಎರಡೂ ಕಣಿವೆಯವರು ಕುದುರೆ ಪಂದ್ಯ ನೋಡುವವರ ಹಾಗೆ ಕೂಗಾಡಿದರು. ಕೊನೆಗೆ ಚೋಂಗ್-ತೊರ್‌ಗೆ ಕೆಂಪು ಬಂತು.

ಬೇಸಿಗೆ ಸಾಗಿತು. ಜನ ರಾತ್ರಿ ಬೆರಳಿಗೆ ಆಕ್ಸಿಮೀಟರ್ ಕಚ್ಚಿಸಿಕೊಂಡು ಮಲಗುತ್ತಿದ್ದರು, ನಾನು ಆಗಾಗ ಬಂದು ಅಂಕಿಗಳನ್ನು ತೆಗೆದುಕೊಂಡು ಹೋಗುತ್ತಿದ್ದೆ. ಸಾಲ್ಕಿನ್ ಅಜ್ಜಿಯ ಕಣ್ಣಿನ ಸುತ್ತ ಕಪ್ಪಾಯಿತು. ಹೆಣ್ಣು ಕುದುರೆಯ ಹಾಲು ಕರೆಯಲು ಕೂತಲ್ಲೇ ತೂಕಡಿಸುತ್ತಿದ್ದರು, ಕುದುರೆ ತಿರುಗಿ ನೋಡುತ್ತಿತ್ತು. ಚೊಲ್ಪೊನ್ ದಿನವೂ ಅವರ ಎದೆ, ಉಸಿರು ನೋಡಿ, ಪ್ರಾಣಕ್ಕೆ ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡೇ ಬಿಡುತ್ತಿದ್ದಳು. ಆಚೆ ಕಣಿವೆಯಲ್ಲಿ ಮಾತ್ರ ಮುದುಕರೆಲ್ಲ ಹೊತ್ತು ಏರುವವರೆಗೆ ಮಲಗುತ್ತಾರಂತೆ ಎಂಬ ಸುದ್ದಿ ಗುಡ್ಡ ದಾಟಿ ಬಂತು. ಔಷಧಿಯನ್ನು ಬೀಗದಲ್ಲಿಡಬಹುದು, ಜನರ ಬಾಯಿಯನ್ನು ಇಡಲಾಗುತ್ತದೆಯೇ?

ಒಂದು ಮಧ್ಯಾಹ್ನ ನಾನು ಅಜ್ಜಿಯ ಗುಡಾರದಲ್ಲಿದ್ದಾಗ ಬೂಬು ಅಜ್ಜಿ ಕುದುರೆ ಹತ್ತಿ ಬಂದಿಳಿದರು. ಒಳಗೆ ಬಂದವರೇ ನನ್ನನ್ನು ಕಂಡು ಮುಖ ಗಂಟಿಕ್ಕಿದರು. ಆಮೇಲೆ ಆದದ್ದಾಗಲಿ ಎಂಬಂತೆ ಅಂಗಿಯ ತೋಳಿನೊಳಗಿಂದ ಒಂದು ಬಟ್ಟೆಯ ಗಂಟು ತೆಗೆದು ಅಕ್ಕನ ಮುಂದೆ ಬಿಚ್ಚಿದರು. ಮಾತ್ರೆಗಳು.

"ತಗಾ ಅಕ್ಕಾ. ನನ್ ಪಾಲಿಂದು. ದಿನಾ ಬಿಟ್ಟು ದಿನಾ ತಿಂದು ಉಳಿಸ್ದೆ."

ದಿನ ಬಿಟ್ಟು ದಿನ! ಇವರ ಅಂಕಿಯೂ ಕೆಟ್ಟಿತಲ್ಲ ಎಂದು ನನ್ನೊಳಗಿನ ಲೆಕ್ಕದವಳು ತಲೆ ಚಚ್ಚಿಕೊಂಡಳು. ಆದರೆ ಅಷ್ಟರಲ್ಲಿ ಸಾಲ್ಕಿನ್ ಅಜ್ಜಿಯ ಮುಖ ನೋಡಿದೆ. ಆ ಬಿಳಿ ಮಾತ್ರೆಗಳನ್ನು ಅವರು ನೋಡುತ್ತಿದ್ದ ರೀತಿ, ದಾಹವಾದವರು ನೀರು ನೋಡುವ ರೀತಿ. ತಗೊಳ್ಳಿ ಅಜ್ಜಿ, ಹಾಳಾಗಿ ಹೋಗಲಿ ಪ್ರಯೋಗ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ದೇವರಾಣೆ ಇತ್ತು.

ಅಜ್ಜಿ ಗಂಟನ್ನು ಮತ್ತೆ ಕಟ್ಟಿದರು. "ವಾಪಸ್ ತಗಂಡ್ ಹೋಗು."

"ಯಾಕೆ? ಸಾಯ್ಬೇಕು ಅಂತ ಮಾಡಿದೀಯಾ?"

"ಸತ್ರೆ ನಿದ್ದೆನಾದ್ರೂ ಬತ್ತದಲ್ಲ."

"ಬಾಯ್ ಮುಚ್ಚು! ಈ ವಯಸ್ನಾಗೆ ಆ ಏರು ಹತ್ತಿ ಬಂದಿವ್ನಿ, ನನ್ ಸೊಂಟ ಮುರ್ದೈತೆ, ಇವಳ್ ಬಿಂಕ ನೋಡು!"

"ಬೂಬು," ಎಂದರು ಅಜ್ಜಿ ಮೆಲ್ಲಗೆ. "ಬೋಗುಣೀಲಿ ಕಲಸ್ದವ್ಳು ನಾನೇ ಅಲ್ವಾ? ಸಮ ಪಾಲು ಹಾಕ್ದೆ ಅಂತ ಹಿಗ್ಗಿದ್ದೆ. ಆ ಡಾಕ್ಟ್ರು ಹುಡ್ಗಿ ನಾಕ್ ವರ್ಷದ್ ಕೆಲ್ಸನ ಚಹಾ ಜೊತೆ ನುಂಗ್ಬಿಟ್ಟೆ. ಒಂದ್ಸಲ ನುಂಗಿದ್ ಸಾಕು."

"ಅವಳೇನ್ ನಿನ್ನ ಬೈದ್ಲಾ?"

"ಬೈದಿದ್ರೆ ಚೆನ್ನಾಗಿತ್ತು. ಒಂದ್ ಮಾತೂ ಅನ್ಲಿಲ್ಲ." ಅಜ್ಜಿ ತಂಗಿಯ ಮುಂದೆ ರೊಟ್ಟಿ ಮುರಿದಿಟ್ಟರು. "ಇನ್ನೂ ಒಂದ್ ಕೇಳು. ಪಾಲು ಅಂದ್ರೆ ನಾನು, ನೀನು, ಪಕ್ಕದವ್ಳು ಅಂದ್ಕೊಂಡಿದ್ದೆ. ಗುಡ್ಡ ಇದೊಂದೇ ಏನೇ? ಎಷ್ಟ್ ಗುಡ್ಡ ಅವೆ, ಎಷ್ಟ್ ಮುದ್ಕೀರು ಉಸ್ರು ಕಟ್ಕೊಂಡು ಕುಂತವ್ರೆ. ಈ ಮಾತ್ರೆ ನಿಜಾನಾ ಸುಳ್ಳಾ ಅಂತ ಗೊತ್ತಾದ್ರೇ ತಾನೇ ಅವ್ರಿಗೆ ಅವ್ರ್ ಪಾಲು ಹೋಗಾದು? ಈ ವರ್ಷ ನಿಂದು, ಮುಂದಿನ್ ವರ್ಷ ನಂದು. ಸರದಿ ಅಂದ್ರೆ ಸರದಿ."

"ಮುಂದಿನ್ ವರ್ಷ ನಿನ್ ಮಗ ಮ್ಯಾಕ್ ಬಿಡ್ಬೇಕಲ್ಲ!"

ಅಜ್ಜಿ ಕೆನೆಯ ಬಟ್ಟಲನ್ನು ತಂಗಿಯ ಕಡೆ ದೂಡಿದರು. ಬೂಬು ಅಜ್ಜಿ ಬೈಯುತ್ತಲೇ ತಿಂದರು, ಬೈಯುತ್ತಲೇ ಗಂಟನ್ನು ತೋಳಿಗೆ ಸೇರಿಸಿಕೊಂಡು ಕುದುರೆ ಹತ್ತಿದರು. ನಾನು ಹೊಳೆಯ ಕಡೆ ಹೋಗಿ, ಯಾರೂ ಇಲ್ಲದ ಜಾಗ ನೋಡಿ ಚೆನ್ನಾಗಿ ಅತ್ತೆ. ಬೇಸರಕ್ಕಲ್ಲ. ಅಷ್ಟು ದೊಡ್ಡ ಮನಸ್ಸನ್ನು ಹತ್ತಿರದಿಂದ ನೋಡಿದರೆ ನನಗೆ ಹಾಗಾಗುತ್ತದೆ.

ಗುಡಾರ ಬಿಚ್ಚಿ ಕೆಳಗಿಳಿಯುವ ದಿನ ಅಜ್ಜಿಯ ಮಗ, ಅಸಿಲ್‌ಳ ಗಂಡ ತೊಲೊನ್ ಹೇಳಿಯೇಬಿಟ್ಟ. ತಾಯಿಯ ಎದುರಲ್ಲ, ನಮ್ಮ ಎದುರು. ಒರಟ, ಆದರೆ ತಾಯಿ ಎಂದರೆ ಪ್ರಾಣ.

"ಮುಗೀತು ಡಾಕ್ಟ್ರೇ. ಮುಂದಿನ್ ಸಲ ಅಮ್ಮ ಬರಾದಿಲ್ಲ. ಅವ್ಳು ರಾತ್ರಿ ಎಲ್ಲಾ ಕುಂತಿರಾದನ್ನ ನಾನ್ ಇನ್ನೊಂದ್ ಬ್ಯಾಸ್ಗೆ ನೋಡಾಕಾಗಾದಿಲ್ಲ."

ಚೊಲ್ಪೊನ್ ಹೃದಯ, ಶ್ವಾಸಕೋಶ ಎಂದು ತಾಳ್ಮೆಯಿಂದ ವಿವರಿಸಿದಳು. ಅವನು ಕೇಳಿಸಿಕೊಳ್ಳುತ್ತ ಹಗ್ಗ ಬಿಗಿಯುತ್ತಿದ್ದ. ನನ್ನ ಮುಂಗೋಪ ಕೆಲಸಕ್ಕೆ ಬಂದದ್ದು ಅಲ್ಲಿ.

"ತೊಲೊನ್, ನೀವು ಚಳಿಗಾಲದಲ್ಲಿ ಸರದಿ ಊಟ ಹಾಕ್ತೀರಾ?"

"ಹಾಕ್ದೆ ಇರ್ತೀವಾ?"

"ಊರೋರಿಗೆಲ್ಲ ನೀವು ಉಣಿಸಿ ಮುಗ್ಸಿದೀರ ಅನ್ನಿ. ಅವ್ರ್ ಮನೇಲಿ ಊಟ ಅನ್ನೋ ದಿನ ನಿಮ್ಮಮ್ಮನ್ನ ಒಳಗೆ ಹಾಕಿ ಬೀಗ ಜಡೀತೀರಾ?"

ಅವನ ಮುಖ ಕೆಂಪಾಯಿತು. "ಯಾರ್ ಹಂಗ್ ಮಾಡ್ತಾರೆ? ಏನ್ ಮಾತು ಅಂತ ಆಡ್ತೀರ?"

"ಅದನ್ನೇ ತಾನೇ ನೀವ್ ಮಾಡ್ತಿರೋದು! ಅವ್ರು ಹಿಟ್ಟಿನ ಸರದಿ ಮುಗ್ಸಿದಾರೆ, ತುಟಿ ಪಿಟಿಕ್ ಅನ್ದೆ. ತಂಗಿ ತಂದುಕೊಟ್ಟಿದ್ದನ್ನೂ ವಾಪಸ್ ಕಳಿಸಿದಾರೆ. ಈಗ ಔಷಧಿ ಸರದಿ ಬಂದಾಗ ಕೆಳಗೆ ಕೂರ್ಸಿ!"

ತೊಲೊನ್‌ಗೆ ಚಿಕ್ಕಮ್ಮ ಮಾತ್ರೆ ತಂದಿದ್ದ ವಿಷಯ ಗೊತ್ತಿರಲಿಲ್ಲ. ಹಗ್ಗ ಕೈಯಲ್ಲೇ ನಿಂತಿತು. ದೂರದಲ್ಲಿ ಅಜ್ಜಿ ಲಾರಿಗೆ ಬೋಗುಣಿಗಳನ್ನು ಏರಿಸುತ್ತ ಯಾರಿಗೋ ಬೈಯುತ್ತಿದ್ದರು. ಅವನು ಆ ಕಡೆ ನೋಡಿದ.

"ಮೊದಲ್ನೇ ವಾರ ನೋಡ್ತೀನಿ," ಎಂದ ಕೊನೆಗೆ. "ಅಷ್ಟ್ರಾಗೆ ಸರಿಯಾಗ್ ಮಲಗ್ಲಿಲ್ಲ ಅಂದ್ರೆ ಲಾರಿ ಹತ್ಸಿ ಕೆಳಿಕ್ ಕಳಿಸ್ತೀನಿ. ಆಮ್ಯಾಕೆ ಯಾವ್ ಲೆಕ್ಕಾನೂ ನನ್ ತಾವ ತರಬ್ಯಾಡಿ."

ಗೆದ್ದೆ ಎಂದು ಜೀಪು ಹತ್ತಿದೆ. ಹತ್ತಿ ಕೂತ ಮೇಲೆ ಮತ್ತೊಮ್ಮೆ ಲೆಕ್ಕ ಹಾಕಿದೆ. ಅಜ್ಜಿ ತಿಂದದ್ದು ಹಿಟ್ಟೇ ಎಂದು ನನಗೇನು ಗೊತ್ತು? ಬೀರು ಇನ್ನೂ ಬೀಗದಲ್ಲಿತ್ತು. ಗುಡ್ಡದಾಚೆಯವರ ನಿದ್ದೆಯ ಸುದ್ದಿಯೆಲ್ಲ ಬರೀ ಬಾಯಿಮಾತು. ಅಜ್ಜಿ ತಿಂದದ್ದು ನಿಜವಾದ ಔಷಧಿಯೇ ಆಗಿದ್ದು, ಅದು ಕೆಲಸಕ್ಕೆ ಬಾರದ ಔಷಧಿಯಾಗಿದ್ದರೆ, ಮುಂದಿನ ಬೇಸಿಗೆ ಅವರಿಗೆ ಸಿಗುವುದು ಹಿಟ್ಟು. ಆಮೇಲೆ ಲಾರಿ. ಲೆಕ್ಕದವಳಾದ ನಾನೇ ಆಸೆಯನ್ನು ನಿಜವೆಂದು ಮಾರಿ ಬಂದಿದ್ದೆ.

ಅರ್ಧ ಕೆಲಸದ ವರದಿ ಕೊಟ್ಟು, ಉಳಿದರ್ಧಕ್ಕೆ ಚೊಲ್ಪೊನ್ ಹೇಗೋ ಒಪ್ಪಿಗೆ ತಂದಳು. ಬೀರು ತೆಗೆಯಿರಿ, ಯಾರದ್ದು ಯಾವುದೆಂದು ಈಗಲೇ ಹೇಳಿ ಎಂದು ಮೇಲಿನವರು ಪೀಡಿಸಿದರು. ಸರದಿ ಮುಗಿಯದೆ ತೆಗೆಯುವುದಿಲ್ಲ ಎಂದು ನಾನು ಜಗಳವಾಡಿದೆ. ಸಾಗಿನ್ ಹೊಸ ಕಂತು ಮಾತ್ರೆ ಮಾಡಿದ, ಕುರಿಯನ್ನೂ ಕೊಂಡ.

ಮರುವರ್ಷ ಕಣಿವೆಗಳು ಹಸಿರಾದಾಗ ಚೀಲಗಳು ಅದಲುಬದಲಾದವು. ಚೋಂಗ್-ತೊರ್‌ಗೆ ನೀಲಿ ದಾರ ಬಂತು. ಮೊದಲ ರಾತ್ರಿಗಳಲ್ಲಿ ಅಜ್ಜಿ ಹಿಂದಿನ ಹಾಗೇ ಎದ್ದು ಕೂತರು. ಔಷಧಿ ರಕ್ತಕ್ಕೆ ಹತ್ತಲು ಸ್ವಲ್ಪ ದಿನ ಬೇಕು ಎಂದಳು ಚೊಲ್ಪೊನ್. ತೊಲೊನ್ ಲಾರಿಯ ಟೈರಿಗೆ ಗಾಳಿ ತುಂಬಿಸಿದ. ನನಗೆ ಊಟ ಸೇರುತ್ತಿರಲಿಲ್ಲ. ಅಕ್ಕನನ್ನು ನೋಡಿಕೊಳ್ಳುತ್ತೇನೆಂದು ಬೂಬು ಅಜ್ಜಿ ಬಂದು ಪಕ್ಕದ ಗುಡಾರದಲ್ಲಿ ಬೀಡುಬಿಟ್ಟರು. ಈ ಸಲ ಅವರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಊರ ಮೇಲಿನ ಸಿಟ್ಟನ್ನೆಲ್ಲ ಕೆಟಲ್ಲಿನ ಮೇಲೆ ತೀರಿಸುತ್ತಿದ್ದರು.

ವಾರ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಅಸಿಲ್ ನಮ್ಮ ಡೇರೆಗೆ ಓಡಿಬಂದಳು. ತಲೆಯ ಬಟ್ಟೆ ಜಾರಿತ್ತು.

"ಡಾಕ್ಟ್ರಕ್ಕಾ, ಅತ್ತೆ ಎದ್ದಿಲ್ಲ!"

ಸೂರ್ಯ ಆಗಲೇ ಗುಡ್ಡದ ಮೇಲಕ್ಕೆ ಬಂದಿದ್ದ. ಕುದುರೆಗಳ ಹಾಲು ಕರೆದಾಗಿತ್ತು. ಎಲ್ಲ ಗುಡಾರಗಳಿಂದ ಹೊಗೆ ಏಳುತ್ತಿತ್ತು, ಅಜ್ಜಿಯದೊಂದರಿಂದ ಇಲ್ಲ. ಈ ಕಣಿವೆಯಲ್ಲಿ ಸಾಲ್ಕಿನ್ ಅಜ್ಜಿಗಿಂತ ಮೊದಲು ಎದ್ದವರು ಯಾರೂ ಇರಲಿಲ್ಲ. ನಾವು ಓಡಿದೆವು. ತೊಲೊನ್ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿಬಂದ. ಅಕ್ಕಪಕ್ಕದವರೆಲ್ಲ ಬಂದು ಬಾಗಿಲ ಮುಂದೆ ನಿಂತರು. ಉಣ್ಣೆಯ ಪರದೆ ಎತ್ತಲು ಒಬ್ಬರಿಗೂ ಕೈ ಬರಲಿಲ್ಲ. ಬೂಬು ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಆಗ ಒಳಗಿಂದ ಸದ್ದು ಬಂತು. ಮೊದಲು ಏನೋ ಎಳೆದಂತೆ, ಆಮೇಲೆ ಲಾರಿ ಏರು ಹತ್ತಿದಂತೆ, ಕೊನೆಗೊಂದು ಉದ್ದನೆಯ ಸಿಳ್ಳೆ. ಸ್ವಲ್ಪ ನಿಂತು, ಮತ್ತೆ ಅದೇ.

"ಅಲ್ಲಾ," ಎಂದರು ಬೂಬು ಅಜ್ಜಿ ಕೈ ತೆಗೆದು. "ಇದು ನಮ್ಮಪ್ಪನ್ ಗೊರ್ಕೆ ಕಣ್ರೋ!"

ಚೊಲ್ಪೊನ್ ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಹೋದಳು. ಅಜ್ಜಿಯ ಬೆರಳಿನ ಆಕ್ಸಿಮೀಟರ್ ನೋಡಿದಳು, ರಾತ್ರಿಯ ಅಂಕಿಗಳನ್ನೆಲ್ಲ ಹಿಂದಕ್ಕೆ ಸರಿಸಿ ಸರಿಸಿ ನೋಡಿದಳು, ನಮ್ಮ ಕಡೆ ತಿರುಗಿದಳು. ಎಲ್ಲ ಸರಿಯಿದೆ ಎಂದು ತಲೆಯಾಡಿಸಿದಳು. ತೊಲೊನ್ ನಿಂತಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು, ಬೂಟಿಲ್ಲದ ಕಾಲನ್ನು ಹಿಡಿದುಕೊಂಡು ನಗತೊಡಗಿದ. ಅವನು ನಕ್ಕಿದ್ದೇ ಎಲ್ಲರೂ ನಕ್ಕರು, ಬಾಯಿಗೆ ಬಟ್ಟೆ ತುರುಕಿಕೊಂಡು, ಸದ್ದಾಗದ ಹಾಗೆ. ಸಾಗಿನ್ ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದ.

ಒಬ್ಬರ ಗೊರಕೆ ಫಲಿತಾಂಶವಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಶರತ್ಕಾಲದಲ್ಲಿ ಬೀರು ತೆಗೆದು, ಎರಡು ಕಣಿವೆ, ಎರಡು ಬೇಸಿಗೆಗಳ ಅಂಕಿಗಳನ್ನು ಜೋಡಿಸಿ, ದಿನ ಬಿಟ್ಟು ದಿನ ತಿಂದ ಬೂಬು ಅಜ್ಜಿಯ ವಿಷಯವನ್ನೂ ಮುಚ್ಚಿಡದೆ ಬರೆದು, ಹಿಂದುಮುಂದಾಗಿ ಪರೀಕ್ಷಿಸಿದ ಮೇಲೆಯೇ ಈ ಮಾತ್ರೆ ಕೆಲಸ ಮಾಡುತ್ತದೆ ಎಂದು ನಾನು ರುಜು ಹಾಕಿದ್ದು. ಆ ಬೆಳಿಗ್ಗೆ ನನಗೆ ಇದೊಂದೂ ಗೊತ್ತಿರಲಿಲ್ಲ. ಆದರೂ ಆ ಗುಡಾರದ ಮುಂದೆ ಹುಚ್ಚಿಯ ಹಾಗೆ ಕುಣಿದವಳು ನಾನೇ.

ನನ್ನ ಕುಣಿತದ ಗದ್ದಲಕ್ಕೆ ಗೊರಕೆ ನಿಂತಿತು. ಪರದೆ ಸರಿದು, ಕೆದರಿದ ಬಿಳಿ ಕೂದಲಿನ ತಲೆಯೊಂದು ಹೊರಗೆ ಬಂತು. ಅಜ್ಜಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು.

"ಏನ್ರೋ ಇದು? ಯಾರ್ ಸತ್ರು?"

"ಯಾರೂ ಇಲ್ಲ ಅಮ್ಮ," ಎಂದ ತೊಲೊನ್ ಕಣ್ಣೊರೆಸಿಕೊಳ್ಳುತ್ತ.

"ಹಾಲು ಕರೀಬೇಕಲ್ಲ!"

"ಕರ್ದಾಯ್ತು."

"ಲಾರಿಗೆ ಗಾಳಿ ತುಂಬ್ಸಿದೀಯಲ್ಲ, ಎಲ್ಲಿಗ್ ಹೊಂಟೆ?"

"ಎಲ್ಗೂ ಇಲ್ಲ. ನೀನ್ ಮಲಕ್ಕ."

ಅಜ್ಜಿಗೆ ಅಷ್ಟೇ ಸಾಕಾಯಿತು. ಮಗನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಪರದೆ ಎಳೆದುಕೊಂಡು ಒಳಗೆ ಹೋದರು. ನಾವು ಉಸಿರು ಬಿಗಿಹಿಡಿದು ನಿಂತೆವು. ಚಹಾ ಆರುವಷ್ಟು ಹೊತ್ತೂ ಆಗಿರಲಿಲ್ಲ, ಒಳಗೆ ಲಾರಿ ಮತ್ತೆ ಏರು ಹತ್ತತೊಡಗಿತು.